ಕೋಸಿನ ಸ್ಟಾಕು ಆನೆಗೆ ಗೊತ್ತು

ಮೊನ್ನೆ ತಮಿಳುನಾಡಿನ ತಾಳವಾಡಿ ಬೆಟ್ಟದ ನಮ್ಮ ಜೀರಹಳ್ಳಿಗೆ ಒಬ್ಬ ಹುಡುಗ ಬಂದಿದ್ದ. ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಟ್ಯಾಬು, ಕಾಲಲ್ಲಿ ಕೆಸರು ಕಾಣದ ಶೂ. ತರಕಾರಿ ಮಾರುವ ಯಾವುದೋ ದೊಡ್ಡ ಕಂಪನಿಯವನು. ಟೀ ಅಂಗಡಿಯ ಜಗಲಿ ಮೇಲೆ ಕೂತು, ಇನ್ನು ಮುಂದೆ ಅಂಗಡಿಗೂ ಹೊಲಕ್ಕೂ ನಡುವೆ ಮಾಹಿತಿ ಹೊಳೆಯ ಹಾಗೆ ಹರಿಯುತ್ತದೆ ಎಂದ. ಎಷ್ಟು ಎಕರೆ, ಯಾವ ತಳಿ, ನಾಟಿ ಯಾವತ್ತು, ಬೋರು ಎಷ್ಟು ಅಡಿ, ಸೊಸೈಟಿ ಸಾಲ ಎಷ್ಟು, ಎಲ್ಲವನ್ನೂ ಬರೆದುಕೊಂಡ.

ಪಕ್ಕದಲ್ಲಿದ್ದ ಯಜಮಾನರು ಬೀಡಿ ಆರಿಸಿ ಕೇಳಿದರು: "ಅದ್ಸರಿ ಕನಪ್ಪ, ನಮ್ಮ ಕೋಸ ನಿಮ್ಮಂಗಡೀಲಿ ಎಷ್ಟ್ಗ ಮಾರೀರಿ?"

"ಅದು ಕಾನ್ಫಿಡೆನ್ಷಿಯಲ್ ಸರ್."

ಹೊಳೆ ಅಂದಮೇಲೆ ಮುಗಿಯಿತಲ್ಲ, ಅದು ಬೆಟ್ಟದಿಂದ ಕೆಳಕ್ಕೇ ಹರಿಯುವುದು.

ಅಂಗಡಿಯ ಮಾಹಿತಿ ಹಂಚಿಕೊಳ್ಳುವ ಈ ವಿದ್ಯೆಯ ಊರು ಅಮೆರಿಕ. ಮಕ್ಕಳ ಡೈಪರ್ ಮಾಡುವ ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನವರಿಗೆ ಒಂದು ಒಗಟು ಕಾಡುತ್ತಿತ್ತು. ಕೂಸುಗಳು ದಿನಾ ಹೆಚ್ಚುಕಡಿಮೆ ಒಂದೇ ಲೆಕ್ಕದಲ್ಲಿ ಒದ್ದೆ ಮಾಡಿಕೊಳ್ಳುತ್ತವೆ, ಬರುವ ಆರ್ಡರು ಮಾತ್ರ ಒಂದು ತಿಂಗಳು ಆಕಾಶ, ಇನ್ನೊಂದು ತಿಂಗಳು ಪಾತಾಳ. ಅಂಗಡಿಯವನು ಹತ್ತು ಹೆಚ್ಚಿಗೆ ಕೇಳಿದರೆ ಸಗಟಿನವನು ಇಪ್ಪತ್ತು ಕೇಳುತ್ತಾನೆ, ಕಾರ್ಖಾನೆ ನಲವತ್ತಕ್ಕೆ ಸಾಮಾನು ತರಿಸುತ್ತದೆ. ಹಿಡಿ ಚೂರು ಅಲುಗಿದರೆ ತುದಿ ಎಲ್ಲಿಗೋ ಹಾರುವ ಬಾರುಕೋಲಿನ ಹೆಸರನ್ನೇ ಈ ರೋಗಕ್ಕೆ ಇಟ್ಟರು, ಬುಲ್‌ವಿಪ್ ಅಂತ. ಮದ್ದು ಸರಳ. 1980ರ ದಶಕದ ಕೊನೆಯ ಹೊತ್ತಿಗೆ ವಾಲ್‌ಮಾರ್ಟ್ ತನ್ನ ಅಂಗಡಿಗಳ ಮಾರಾಟದ ಲೆಕ್ಕವನ್ನು ಆ ಕಂಪನಿಯ ಮುಂದೆ ತೆರೆದಿಡತೊಡಗಿತು. ಆನೆ ಆನೆಗೆ ಗುಟ್ಟು ಹೇಳಿತು. ಇಲ್ಲಿಯದು ಆನೆ ಮತ್ತು ಕೋಸಿನ ಸಂಬಂಧ.

ನಮಗೆ ಮೇಲಕ್ಕೆ ಬರುವ ಮಾಹಿತಿ ಒಂದೇ, ಮಂಡಿಯ ಬಿಳಿ ಚೀಟಿ. ಅಂಗೈಯಗಲದ ಕಾಗದ. ತಲೆಯಲ್ಲಿ ದೇವರ ಪಟ, ಕೆಳಗೆ ನೀಲಿ ಪೆನ್ನಿನಲ್ಲಿ ಕಳೆಯುವ ಲೆಕ್ಕ: ಕಮಿಷನ್, ಹಮಾಲಿ, ಲಾರಿ ಬಾಡಿಗೆ, ಸೂಟು. ಕೂಡುವ ಲೆಕ್ಕವೂ ಒಂದಿರುತ್ತದೆ, ಅದು ಹಳೇ ಬಾಕಿ. ಮಾಲು ಮಾರಿದ ಮೇಲೆ ಬರುವ ಈ ಚೀಟಿಯನ್ನು ನೋಡಿಕೊಂಡೇ ಮುಂದಿನ ಬೆಳೆ ತೀರ್ಮಾನವಾಗಬೇಕು. 2023ರ ಜುಲೈಯಲ್ಲಿ ಟೊಮೊಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ಎಷ್ಟು ಊರಿನವರು ಹೊಲಕ್ಕೆಲ್ಲ ಟೊಮೊಟೊ ಸಸಿ ನೆಟ್ಟರು! ಸೆಪ್ಟೆಂಬರಿಗೆ ಅದೇ ಹಣ್ಣನ್ನು ರಸ್ತೆ ಬದಿಗೆ ಸುರಿದರು. ಇದೆಲ್ಲ ಆದದ್ದು ಇ-ನಾಮ್ ಎಂಬ ರಾಷ್ಟ್ರೀಯ ಆನ್‌ಲೈನ್ ಮಾರುಕಟ್ಟೆ 2016ರ ಏಪ್ರಿಲ್ 14ರಿಂದ ನಡೆಯುತ್ತಿರುವಾಗಲೇ.

2020ರ ಲಾಕ್‌ಡೌನಿನಲ್ಲಿ ಇದೇ ತಾಳವಾಡಿ ಬೆಟ್ಟದ ರೈತರೊಬ್ಬರು ಕೋಸು ಕೊಳ್ಳುವವರಿಲ್ಲದೆ ಟ್ವಿಟರಿನಲ್ಲಿ ಕೂಗಿಕೊಂಡರು. ಬೆಂಗಳೂರಿನ ಸಂಸದರೊಬ್ಬರಿಗೆ ಕೇಳಿಸಿತು, ಅವರು ಕೊಂಡು ಹಂಚಿದರು. ಪುಣ್ಯದ ಕೆಲಸ, ಇಲ್ಲವೆನ್ನುವುದಿಲ್ಲ. ಆದರೆ ಒಂದೊಂದು ಕೋಸಿಗೂ ಒಬ್ಬೊಬ್ಬ ಎಂಪಿಯನ್ನು ಎಲ್ಲಿಂದ ತರುವುದು?

ಮಾಲು ಇಳಿಯುವ ದಾರಿಯದು ಇನ್ನೊಂದು ಕಥೆ. ಸತ್ಯಮಂಗಲಕ್ಕೆ ಹೋಗಬೇಕೆಂದರೆ ದಿಂಬಂ ಘಾಟಿಯ 27 ತಿರುವು. 2022ರ ಫೆಬ್ರುವರಿಯಲ್ಲಿ ಮದ್ರಾಸ್ ಹೈಕೋರ್ಟ್ ಅಲ್ಲಿ ರಾತ್ರಿ ಸಂಚಾರ ತಡೆಯಿತು. ಹುಲಿ, ಚಿರತೆ ಗಾಡಿಗೆ ಸಿಕ್ಕಿ ಸಾಯುತ್ತಿದ್ದವು, ನ್ಯಾಯವೇ. ತಾಳವಾಡಿಯವರು ಪ್ರತಿಭಟಿಸಿದರು, ಆಮೇಲೆ ಕೆಲವು ಸಡಿಲಿಕೆ ಬಂತು. ಇತ್ತ ಚಾಮರಾಜನಗರ ಹತ್ತಿರ, ಆದರೆ ಅದು ಬೇರೆ ರಾಜ್ಯ. ಇಲ್ಲಿ ಸರ್ಕಾರದ ಸುತ್ತೋಲೆ ಬರುವುದು ತಮಿಳಿನಲ್ಲಿ, ಅದನ್ನು ಬೈಯುವುದು ಕನ್ನಡದಲ್ಲಿ.

ಇಡೀ ಸರಪಳಿಯಲ್ಲಿ ಸರಿಯಾದ ಮಾಹಿತಿ ಇರುವುದು ಒಬ್ಬರಿಗೇ. ಕಾರಾಪಳ್ಳಂ ಚೆಕ್‌ಪೋಸ್ಟಿನ ಹತ್ತಿರ ಕಬ್ಬಿನ ಲಾರಿಗೆ ಕಾದು ನಿಲ್ಲುವ ಆನೆಗಳನ್ನು ನೋಡಿ. ಲಾರಿ ಯಾವ ಹೊತ್ತಿಗೆ ಬರುತ್ತದೆ, ಲೋಡು ಎಷ್ಟು, ಯಾವ ಡ್ರೈವರು ಕಬ್ಬು ಎಸೆಯುತ್ತಾನೆ, ಎಲ್ಲ ಬಾಯಿಪಾಠ. ಸೊಂಡಿಲಲ್ಲಿ ಎಷ್ಟು ಬೇಕೋ ಅಷ್ಟು ಎಳೆದುಕೊಂಡು ದಾರಿ ಬಿಡುತ್ತವೆ. ಕಮಿಷನ್ ಎಷ್ಟೆಂದು ಎಲ್ಲರೆದುರಿಗೇ ಗೊತ್ತಾಗುವ ಮಂಡಿ ಈ ಹೆದ್ದಾರಿಯಲ್ಲಿ ಅದೊಂದೇ. ರಾತ್ರಿ ಹೊಲಕ್ಕೆ ಬರುವವೂ ಹಾಗೆಯೇ, ಜೋಳಕ್ಕೆ ಹಾಲು ತುಂಬಿದ ದಿನ ತಪ್ಪಿಸುವುದಿಲ್ಲ. ಕರುಪ್ಪನ್ ಎಂದು ಹೆಸರಾದ ಸಲಗವನ್ನು 2023ರ ಏಪ್ರಿಲ್‌ನಲ್ಲಿ ಪಳಗಿದ ಕುಮ್ಕಿ ಆನೆಗಳನ್ನು ತರಿಸಿ, ಮತ್ತೆ ಮತ್ತೆ ಪ್ರಯತ್ನಪಟ್ಟು ಹಿಡಿದರು. ಅಂಥ ಅನುಭವಸ್ಥನನ್ನು ಯಾವ ಕಂಪನಿಯೂ ಕೆಲಸಕ್ಕೆ ಕರೆಯಲಿಲ್ಲ.

ಹುಡುಗ ಹೋದ ಮೇಲೆ ಯಜಮಾನರು ನಕ್ಕರು. "ಎಲ್ರೂ ರಾಗಿ ಅಂತ ಬರ್ಸಿವಿ" ಎಂದರು. ಯಾಕೆ ಎಂದೆ. "ಕೋಸು ಅಂದ್ರ ಪಕ್ಕದೂರ್ನವ್ರೂ ಕೋಸೇ ಹಾಕ್ತರ. ಅವನ್ಗ ಅವನ್ ರೇಟು ಗುಟ್ಟು, ನಮ್ಗ ನಮ್ ಬೆಳ ಗುಟ್ಟು."

ಹಾಗಾಗಿ ಈಗ ಬೆಂಗಳೂರಿನ ಯಾವುದೋ ಎಸಿ ಕೋಣೆಯ ಪರದೆ ಮೇಲೆ ಜೀರಹಳ್ಳಿಯೆಲ್ಲ ರಾಗಿ. ನಿನ್ನೆ ರಾತ್ರಿ ಕಾಡಿನಿಂದ ಇಳಿದ ಆನೆ ಆ ಪರದೆ ನೋಡಿರಲಿಲ್ಲ. ನೆಟ್ಟಗೆ ಕೋಸಿನ ಸಾಲಿಗೇ ಬಂತು.