ಆ ಪಂಚಾಂಗ ಒಲೆಗೆ ಹಾಕ್ಬೇಡಿ ಅಕ್ಕಾ

ಅಕ್ಕಾ, ನಿಲ್ಲಿ ನಿಲ್ಲಿ. ಹಂಡೆ ಒಲೆಗೆ ಹಾಕೋಕೆ ತಂದಿರೋ ಆ ಕಾಗದದ ಕಟ್ಟನ್ನ ಒಂದು ಗಳಿಗೆ ಬೇಲಿ ಕಲ್ಲಿನ ಮೇಲಿಡಿ. ಹೋದ ವರ್ಷದ ಒಂಟಿಕೊಪ್ಪಲ್ ಪಂಚಾಂಗ ಅಲ್ವಾ ಅದು? ಜೊತೆಗೆ ಮದುವೆ ಕಾಗದಗಳು, ಸೀರೆ ಅಂಗಡಿ ಕವರು, ಹುಡುಗರ ಕಾಪಿ ಪುಸ್ತಕ. ಅಷ್ಟೂ ನನಗೆ ಬೇಕು.

ಮೊನ್ನೆ ನಮ್ಮ ಜಗಲಿ ಮೇಲೆ ಒಣಗೋಕಿಟ್ಟಿದ್ದ ಹಲಗೆ ನೋಡಿ, "ಇದೇನು, ಬರೆದಿದ್ದಾ ಅಂಟಿಸಿದ್ದಾ?" ಅಂದ್ರಲ್ಲ, ಅದಕ್ಕೇ. ಎರಡೂ ಹೌದು. ಕೊಲಾಜ್ ಅಂತಾರೆ. ಕಾಗದದ ಮೇಲೆ ಬಣ್ಣ, ಬಣ್ಣದ ಮೇಲೆ ಮತ್ತೆ ಕಾಗದ. ಇಂಥದ್ದೇ ಬರೀತೀನಿ ಅಂತ ಪೆನ್ಸಿಲ್ ಗೆರೆ ಎಳೆದುಕೊಂಡು ಕೂರೋದಿಲ್ಲ. ಒಂದು ತುಂಡು ಹಚ್ಚೋದು, ಸುಮ್ಮನೆ ನೋಡ್ತಾ ಕೂರೋದು, ಪಕ್ಕದಲ್ಲಿ ಏನು ಬರಬೇಕು ಅಂತ ಮನಸ್ಸಿಗೆ ಹೊಳೆಯೋವರೆಗೆ.

"ಏನು ಬರುತ್ತೆ ಅಂತ ಗೊತ್ತಿಲ್ದೆ ಹೇಗೆ ಶುರು ಮಾಡ್ತೀಯಾ?" ಅಂತ ಕೇಳ್ತೀರಿ. ನಿಮ್ಮ ತವರು ಯಲ್ಲಾಪುರದ ಕಡೆ ತಾನೇ? ಅಲ್ಲಿ ಸಿದ್ದಿ ಹೆಂಗಸರು ಕೌದಿ ಹೊಲಿಯೋದನ್ನ ನೀವೇ ನೋಡಿರ್ತೀರಿ. ಹಳೇ ಸೀರೆ ಹಾಸಿ, ಒಂದು ಮೂಲೆ ಹಿಡಿದು ಅಂಚಿನುದ್ದಕ್ಕೂ ತುಂಡು ಕೂರಿಸ್ತಾ, ಸುತ್ತಿ ಸುತ್ತಿ ನಡುವಿಗೆ ಬಂದು ಮುಗಿಸ್ತಾರೆ. ನಕ್ಷೆ ಅಂತ ಒಂದಿಲ್ಲ. ಮೂಲೆಗಳಿಗೆ ಬಟ್ಟೆ ಮಡಚಿ 'ಫುಲಾ' ಇಡೋದನ್ನ ಮಾತ್ರ ಬಿಡೋಲ್ಲ. ಮುಂದಿನ ತುಂಡು ಯಾವುದು ಅಂತ ಹಿಂದಿನ ತುಂಡೇ ಕೇಳುತ್ತೆ. ನಾನು ಮಾಡೋದೂ ಅದನ್ನೇ, ಸೂಜಿ ಬದಲು ಫೆವಿಕಾಲ್.

ಅಂಟು ಹಚ್ಚೋದೂ ಒಂದು ಹದ. ಸ್ವಲ್ಪ ನೀರು ಬೆರೆಸಿ ಹಲಗೆಗೂ ಕಾಗದದ ಬೆನ್ನಿಗೂ ಬಳಿದು, ನಡುವಿಂದ ಅಂಚಿಗೆ ಬೆರಳಲ್ಲಿ ತೀಡ್ಬೇಕು, ಇಲ್ದಿದ್ರೆ ಗುಳ್ಳೆ ಏಳುತ್ತೆ. ಹಿಂದೆ ಪುಸ್ತಕ ಕಟ್ಟೋರು ಮೈದಾ ಅಂಟಿಗೆ ಮೈಲುತುತ್ತ ಹಾಕ್ತಿದ್ರು, ಹುಳ ಹಿಡೀದಿರ್ಲಿ ಅಂತ. ಇನ್ನು ಪೇಪರು, ಪಂಚಾಂಗದಂಥ ಅಗ್ಗದ ಹಾಳೆ ಹಳದಿಯಾಗೇ ಆಗುತ್ತೆ. ಮರದಲ್ಲಿರೋ ಲಿಗ್ನಿನ್ ಅದರಲ್ಲೇ ಉಳಿದಿರುತ್ತಲ್ಲ, ಬೆಳಕು ಬಿದ್ದಷ್ಟೂ ಬಣ್ಣ ತಿರುಗುತ್ತೆ. ಅದಕ್ಕೇ ಪಂಚಾಂಗದ ಪಕ್ಕ ನಾನು ಅಚ್ಚ ಬಿಳಿ ಇಡೋದಿಲ್ಲ, ಕಾವಿ ಇಡ್ತೀನಿ. ಹಳದಿಯಾದ್ರೂ ಹೊಂದ್ಕೊಂಡಿರುತ್ತೆ.

ಇದೇನೂ ನಿನ್ನೆ ಮೊನ್ನೇದಲ್ಲ. 1912ರಲ್ಲಿ ಪಿಕಾಸೊ ಬೆತ್ತದ ಹೆಣಿಗೆ ಅಚ್ಚು ಹಾಕಿದ್ದ ಎಣ್ಣೆಬಟ್ಟೆಯನ್ನ ಚಿತ್ರಕ್ಕೇ ಅಂಟಿಸಿ, ಸುತ್ತ ಚೌಕಟ್ಟಿಗೆ ನಿಜವಾದ ಹಗ್ಗ ಸುತ್ತಿಬಿಟ್ಟ. ಆಮೇಲೆ ಜರ್ಮನಿಯ ಚಿತ್ರಗಾರ ಶ್ವಿಟರ್ಸ್ ಅಂಟಿಸೋಕೆ ಟ್ರಾಮ್ ಟಿಕೇಟುಗಳನ್ನೂ ಬಿಡಲಿಲ್ಲ.

ಆದ್ರೆ ನನ್ನ ಮನಸ್ಸಲ್ಲಿ ಕೂತಿರೋರು ಶಾಂತಿನಿಕೇತನದ ಬಿನೋದ್ ಬಿಹಾರಿ ಮುಖರ್ಜಿ. ಚಿಕ್ಕಂದಿನಿಂದಲೂ ಅವರಿಗೆ ಒಂದು ಕಣ್ಣು ಕಾಣ್ತಿರ್ಲಿಲ್ಲ, ಇನ್ನೊಂದು ಮಂದ. ಆ ಒಂದು ಕಣ್ಣಲ್ಲೇ ಅಲ್ಲಿನ ಹಿಂದಿ ಭವನದ ಗೋಡೆಗಳ ತುಂಬ ಸಂತರ ಚಿತ್ರ ಬರೆದ್ರು. ಮುಂದೆ ಕಣ್ಣಿನ ಆಪರೇಷನ್ ಆದ್ಮೇಲೆ ಇದ್ದದ್ದೂ ಪೂರ್ತಿ ಹೋಯ್ತು. ಚಿತ್ರಗಾರನಿಗೆ ಅಲ್ಲಿಗೆ ಮುಗೀತು ಅಂತ ಯಾರಾದ್ರೂ ಅಂದ್ಕೋತಾರೆ. ಅವರು ಕಾಗದ ಕತ್ತರಿಸಿ ಅಂಟಿಸೋಕೆ ಕೂತ್ರು. ಕಾಗದದ ಅಂಚು ಬೆರಳಿಗೆ ಸಿಗುತ್ತೆ ನೋಡಿ, ಬಣ್ಣ ಸಿಗೋಲ್ಲ. ಅವರ ಶಿಷ್ಯ ಸತ್ಯಜಿತ್ ರೇ 1972ರಲ್ಲಿ ಅವರ ಮೇಲೊಂದು ಸಾಕ್ಷ್ಯಚಿತ್ರ ಮಾಡಿದ್ರು, 'ದಿ ಇನ್ನರ್ ಐ' ಅಂತ. ಮನಸ್ಸಿಗೆ ಬಂದ ಹಾಗೆ ಮಾಡೋದು ಅಂದ್ರೆ ಹೇಗೋ ಒಂದು ಮಾಡಿ ಮುಗಿಸೋದು ಅಂತ ಯಾರಾದ್ರೂ ಅಂದ್ರೆ ನಾನು ಇವರ ಹೆಸರು ಹೇಳ್ತೀನಿ. ಅಷ್ಟು ವರ್ಷ ನೋಡಿದ್ದೆಲ್ಲ ಅವರ ಬೆರಳಿಗೆ ಇಳಿದಿತ್ತು. ಕೈಯಂದಾಜು ಅನ್ನೋದು ಅದು.

ಕಷ್ಟ ಯಾವುದು ಗೊತ್ತಾ? ಅಂಟಿಸೋದಲ್ಲ, ಮುಚ್ಚೋದು. ನಮ್ಮಪ್ಪನ ಮನೆಖರ್ಚಿನ ಲೆಕ್ಕದ ಹಾಳೆ ಒಂದಿತ್ತು, ಇಂಕ್ ಪೆನ್ನಲ್ಲಿ ಬರೆದದ್ದು. ಆ ಶಾಯಿ ನೀರು ತಾಗಿದ್ರೆ ಕದಡುತ್ತೆ ಅಂತ ಜೆರಾಕ್ಸ್ ತೆಗೆಸಿ ಹಲಗೆ ನಡುವೆ ಹಚ್ಚಿದೆ. ಮೂಲ ಹಾಳೆ ಪೆಟ್ಟಿಗೇಲಿದೆ. ಹಚ್ಚಿದ್ದೇ ತಡ, ಅದರ ಹತ್ರ ಕುಂಚ ಒಯ್ಯೋಕೇ ಕೈ ಬರ್ಲಿಲ್ಲ. ಅಪ್ಪನ ಅಕ್ಷರ ಅಲ್ವಾ. ಸುತ್ತ ಏನು ಹಾಕಿದ್ರೂ ಅದಕ್ಕೆ ಹೆದರಿಕೊಂಡ ಹಾಗೆ ಕಾಣೋದು. ಮೂರು ವಾರ ಗೋಡೆಗೆ ಒರಗಿಸಿಟ್ಟಿದ್ದೆ. ಒಂದು ಬೆಳಿಗ್ಗೆ ಎದ್ದು, ಬಿಳಿ ಬಣ್ಣಕ್ಕೆ ನೀರು ಬೆರೆಸಿ, ಆ ಹಾಳೆ ಮೇಲೆ ಬಳಿದೇಬಿಟ್ಟೆ. ಒದ್ದೆ ಇರೋವಾಗ್ಲೇ ಬಟ್ಟೆಯಲ್ಲಿ ಒಂದು ಕಡೆ ಒರೆಸಿದೆ. 'ಹಾಲಿನವನಿಗೆ ಬಾಕಿ' ಅನ್ನೋ ಎರಡು ಮಾತು ಮಾತ್ರ ಮೇಲೆ ಬಂತು. ಹಾಳೆ ಪೂರ್ತಿ ಕಾಣ್ತಿದ್ದಾಗ ಇರದಷ್ಟು ಅಪ್ಪ ಈಗ ಅದರಲ್ಲಿದ್ದಾರೆ. ನೀವು ಜಗಲಿ ಮೇಲೆ ನೋಡಿದ್ದು ಅದನ್ನೇ.

ಹಾ, ನಿಮ್ಮ ಮಗಳ ಲಗ್ನಪತ್ರಿಕೆಯೂ ಇದರಲ್ಲಿದೆ. ಇದನ್ನ ನಾನು ಮುಟ್ಟೋಲ್ಲ, ನೀವೇ ಹರೀಬೇಕು. ಕತ್ತರಿ ಬೇಡ, ಕೈಯಲ್ಲೇ. ನಿಮ್ಮ ಕಡೆ ಎಳೆದ್ರೆ ಅಂಚಲ್ಲಿ ಬಿಳಿ ಎಳೆ ಒಂದು ಏಳುತ್ತೆ, ಕತ್ತರಿಗೆ ಅದು ಬರೋಲ್ಲ. ಶನಿವಾರ ಮಧ್ಯಾಹ್ನ ಕೆಲಸ ಮುಗಿಸ್ಕೊಂಡು ಬನ್ನಿ, ನಿಮಗೂ ಒಂದು ಹಲಗೆಗೆ ಬಿಳಿ ಬಳಿದು ಒಣಗಿಸಿಟ್ಟಿರ್ತೀನಿ. ಆ ಕಟ್ಟು ಮಾತ್ರ ಈಗ್ಲೇ ಈ ಕಡೆ ಕೊಡಿ.