ಎರಡು ಬಸವಗಳ ನಡುವೆ

ಬೆಂಗಳೂರಿನಲ್ಲಿ ಮೂವತ್ತು ವರ್ಷ ದುಡಿದೂ ಸ್ವಂತ ಮನೆಯಿಲ್ಲದವನೆಂದು ಬಂಧುಮಿತ್ರರು ನನ್ನ ವಿಷಯದಲ್ಲಿ ಮರುಗುವುದುಂಟು. ಆ ಮರುಕಕ್ಕೆ ನಾನು ಅರ್ಹನಲ್ಲವೆಂಬುದನ್ನು ಮೊದಲೇ ತಿಳಿಸಿಬಿಡುವುದು ಒಳಿತು. ನಮಗೆ ಪಿತ್ರಾರ್ಜಿತವಾದ ಮನೆಯೊಂದುಂಟು. ಊರ ನಟ್ಟನಡುವೆ, ದೇವಸ್ಥಾನದ ಬೀದಿಯಲ್ಲಿ, ನಾಲ್ಕು ದಿಕ್ಕಿಗೂ ಜಲರಾಶಿಯ ನೋಟವುಳ್ಳ, ನೆರೆಹೊರೆಯವರ ಗದ್ದಲವೆಂಬುದು ಲವಲೇಶವೂ ಇಲ್ಲದ ಆ ಮನೆಗೆ ಇರುವ ನ್ಯೂನತೆ ಒಂದೇ: ಅದು ಮೆಟ್ಟೂರು ಅಣೆಕಟ್ಟಿನ ನೀರಿನ ಅಡಿಯಲ್ಲಿದೆ.

1925ರಲ್ಲಿ ಕೆಲಸ ಮೊದಲಾಗಿ 1934ರ ಆಗಸ್ಟ್ 21ರಂದು ಉದ್ಘಾಟನೆಗೊಂಡು, ಮದರಾಸಿನ ಗವರ್ನರರಾಗಿದ್ದ ಸ್ಟ್ಯಾನ್ಲಿ ಸಾಹೇಬರ ಹೆಸರನ್ನು ಹೊತ್ತ ಆ ಜಲಾಶಯವು, 120 ಅಡಿ ತುಂಬಿ ನಿಂತಾಗ 93.47 ಟಿಎಂಸಿ ನೀರನ್ನು ಹಿಡಿದುಕೊಂಡು ತಂಜಾವೂರಿನ ಗದ್ದೆಗಳಿಗೆ ಪ್ರಾಣದಾನ ಮಾಡುವುದೇನೋ ನಿಜ. ಆದರೆ ಆ ಪುಣ್ಯಕಾರ್ಯಕ್ಕೆ ಹೊರಡುವ ಮುನ್ನ ಅದು ಹಲವು ಹಳ್ಳಿಗಳನ್ನೂ, ಅವುಗಳೊಡನೆ ನಮ್ಮ ಅಜ್ಜನ ಮಗ್ಗದ ಮನೆಯನ್ನೂ ಉದರಸ್ಥ ಮಾಡಿಕೊಂಡಿತು. ನಾವು ಸೇಲಂ ಸೀಮೆಯ ದೇವಾಂಗದವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಹಾಸು ಒಂದು ಭಾಷೆ, ಹೊಕ್ಕು ಇನ್ನೊಂದು. ಅಜ್ಜ ಪರಿಹಾರದ ಹಣವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಗ್ಗವನ್ನು ಬಿಚ್ಚಿ ಗಾಡಿಗೇರಿಸಿ, ದಿಣ್ಣೆಯ ಮೇಲಿನ ಹೊಸ ಊರಿಗೆ ಬಂದನಂತೆ. ಮಗ್ಗದ ಗುಂಡಿಯನ್ನು ಮಾತ್ರ ಗಾಡಿಗೇರಿಸಲಾಗಲಿಲ್ಲವೆಂಬುದು ಅವನ ಕೊನೆಯವರೆಗಿನ ಕೊರಗಾಗಿತ್ತು.

ಮಳೆ ಕೈಕೊಟ್ಟು ನೀರು ಬಹಳವಾಗಿ ಇಳಿದ ವರ್ಷಗಳಲ್ಲಿ ಪಣ್ಣವಾಡಿಯ ಬಳಿ ಮುಳುಗಿದ ಜಲಕಂಠೇಶ್ವರನ ಗುಡಿಯ ಬಸವಣ್ಣ ತಲೆಯೆತ್ತುತ್ತಾನೆ. ಹಳೆಯ ಇಗರ್ಜಿಯ ಗೋಪುರಗಳೂ ಎದ್ದು ನಿಲ್ಲುತ್ತವೆ. (ದೇವರಿಗೆ ಆ ಹೆಸರಿಟ್ಟ ಪುಣ್ಯಾತ್ಮರು ತ್ರಿಕಾಲಜ್ಞಾನಿಗಳೇ ಇರಬೇಕು, ಆದರೆ ನೀರು ಕಂಠಕ್ಕೇ ನಿಲ್ಲುವುದೆಂದು ಅವರು ನಂಬಿದ್ದರೇನೋ.) ಆಗೆಲ್ಲ ನನ್ನ ಸೋದರತ್ತೆ ದಡದಲ್ಲಿ ನಿಂತು, ಕಣ್ಣಿಗೆ ಕೈ ಮರೆಮಾಡಿ, "ಆ ಬಸವನ ಬಲಗಿವಿಯ ನೇರಕ್ಕೆ ಇಪ್ಪತ್ತು ಮಾರು, ಅಲ್ಲೇ ನಮ್ಮನೆ" ಎಂದು ಕೆಸರಿನ ಕಡೆಗೆ ಬೊಟ್ಟುಮಾಡುವಳು. ಅತ್ತೆ ಹುಟ್ಟಿದ್ದು ಮನೆ ಮುಳುಗಿದ ಎಷ್ಟೋ ವರ್ಷಗಳ ಮೇಲೆ ಎಂಬ ಸಂಗತಿ ಅವಳ ನಿಶ್ಚಯಕ್ಕೆ ಎಂದೂ ಬಾಧಕವಾದದ್ದಿಲ್ಲ.

ನಾನು ನೌಕರಿಗಾಗಿ ಬೆಂಗಳೂರಿಗೆ ಹೊರಟಾಗ ಅವಳು ವಿಧಿಸಿದ ನಿಬಂಧನೆಯೂ ಅದೇ: ಮನೆಯೆಂಬುದನ್ನು ಮಾಡುವುದಾದರೆ ಬಸವಣ್ಣನ ಕಣ್ಣಳತೆಯಲ್ಲೇ ಮಾಡತಕ್ಕದ್ದು. ಬೆಂಗಳೂರಿನಲ್ಲಿ ಈ ನಿಬಂಧನೆಯ ಅರ್ಥ ಬಸವನಗುಡಿ. ಬಡವನೊಬ್ಬನಿಗೆ ಇದಕ್ಕಿಂತ ಕ್ರೂರವಾದ ಆಶೀರ್ವಾದವನ್ನು ಯಾರೂ ಮಾಡಿರಲಾರರು.

1898ರ ಪ್ಲೇಗಿನಲ್ಲಿ ಪೇಟೆಯ ಇಕ್ಕಟ್ಟಿಗೂ ಇಲಿಗಳಿಗೂ ಹೆದರಿದ ಜನ ಗಾಳಿಬೆಳಕಿನಲ್ಲಿ ಬದುಕಲೆಂದು ಮಲ್ಲೇಶ್ವರದಂತೆಯೇ ಬೆಳೆದ ಬಡಾವಣೆ ಇದು. ಈಗ ಇಲ್ಲಿನ ಬೆಲೆಗೆ ಹೆದರಿ ಓಡುವವರಿಗೆ ಕನಕಪುರದ ರಸ್ತೆಯುಂಟು. ಗುಡ್ಡದ ಮೇಲಿನ ದೊಡ್ಡ ಬಸವಣ್ಣ ಒಂದಾನೊಂದು ಕಾಲದಲ್ಲಿ ದಿನದಿನಕ್ಕೂ ಬೆಳೆಯುತ್ತಿದ್ದನೆಂದೂ, ಕಡಲೆಕಾಯಿ ಬೆಳೆಯುವ ರೈತರು ಗಾಬರಿಗೊಂಡು ಶಿವನಿಗೆ ಮೊರೆಯಿಟ್ಟು ಅವನ ನೆತ್ತಿಗೆ ತ್ರಿಶೂಲವನ್ನು ನೆಡಲು ಬೆಳವಣಿಗೆ ನಿಂತಿತೆಂದೂ ಐತಿಹ್ಯ. ಚದರಡಿಯ ದರಕ್ಕೂ ಒಂದು ನೆತ್ತಿಯಿದ್ದಿದ್ದರೆ ತ್ರಿಶೂಲವನ್ನು ನಾನೇ ಸ್ವಂತ ಖರ್ಚಿನಲ್ಲಿ ಮಾಡಿಸಿ ತರುತ್ತಿದ್ದೆ.

ನನಗೆ ಗಂಟುಬಿದ್ದ ದಲ್ಲಾಳಿಯು ವೇದಾಂತಿ. ನನ್ನ ಹಣದ ಮಿತಿಯನ್ನು ಕೇಳಿ ಒಂದು ಕ್ಷಣ ಮೌನವಾಗಿದ್ದು, ಬಳಿಕ ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು, ಬನಶಂಕರಿಯನ್ನು ದಾಟಿ, ಕೋಣನಕುಂಟೆಯನ್ನು ದಾಟಿ, ಹೊಲಗಳು ಕಾಣತೊಡಗಿದ ಮೇಲೆ ಇಳಿಸಿ, "ಇದನ್ನೂ ಬಸವನಗುಡಿ ಅಂತಲೇ ಅಂದ್ಕೊಳ್ಳಿ ಸಾರ್" ಎಂದ. ಹಗ್ಗದಲ್ಲಿ ಹಾವನ್ನು ಕಾಣುವುದೇ ಅಧ್ಯಾಸವೆಂದು ಓದಿದ್ದೆನಾದರೂ, ಆ ಅಧ್ಯಾಸಕ್ಕೆ ಮುಂಗಡ ಕೊಡಬೇಕಾಗುತ್ತದೆಂಬುದು ಅಂದು ತಿಳಿಯಿತು. ಬಸವಣ್ಣ ಕಾಣಬೇಕೆಂದು ನಾನು ಹಟ ಹಿಡಿಯಲು, ಅವನು ಹದಿನೈದು ದಿನ ಮಾಯವಾಗಿ, ಆಮೇಲೆ ಬಂದು, ನಿಜವಾದ ಬಸವನಗುಡಿಯಲ್ಲಿಯೇ, ಮೂರನೆಯ ಅಂತಸ್ತಿನಲ್ಲಿ, ಹಳೆಯದೊಂದು ಫ್ಲ್ಯಾಟು ಇರುವುದೆಂದು ಸಾರಿದ. ಆ ವಾರ ಅತ್ತೆಯೂ ಊರಿನಿಂದ ಬಂದಿದ್ದಳು. ಅವಳನ್ನೂ ಕರೆದುಕೊಂಡು ಹೋದೆವು.

ಸಾವಿರದ ನೂರು ಚದರಡಿಯೆಂದು ಕೇಳಿ ಹೋದವರಿಗೆ ಅಲ್ಲಿ ಕಂಡದ್ದು ಎರಡು ಕೋಣೆ, ಒಂದು ನಡುಮನೆ, ಮತ್ತು ಒಬ್ಬರು ಉಸಿರು ಬಿಟ್ಟ ಮೇಲೆ ಇನ್ನೊಬ್ಬರು ಎಳೆದುಕೊಳ್ಳಬೇಕಾದಂತಹ ಅಡುಗೆಮನೆ. ಮಿಕ್ಕ ಚದರಡಿಗಳೆಲ್ಲಿ ಎಂದರೆ, ಅವು ಮೆಟ್ಟಿಲುಗಳಲ್ಲಿ, ಲಿಫ್ಟಿನಲ್ಲಿ, ಗೋಡೆಗಳ ದಪ್ಪದಲ್ಲಿ ಅಡಗಿವೆಯಂತೆ. ಅದಕ್ಕೆ ಸೂಪರ್ ಬಿಲ್ಟಪ್ ಎಂದು ಹೆಸರು. ಹೊಸದಾಗಿ ಕಟ್ಟಿ ಮಾರುವವರು ಗೋಡೆಯೊಳಗಿನ ನೆಲದ ಲೆಕ್ಕವನ್ನೇ ಹೇಳತಕ್ಕದ್ದೆಂದು 2016ರ ಕಾನೂನು ಇದೆಯಾದರೂ, ಹಳೆಯ ಕಟ್ಟಡಗಳ ದಲ್ಲಾಳಿಗಳು ಹಳೆಯ ಸಂಪ್ರದಾಯವನ್ನು ಬಿಟ್ಟುಕೊಡುವವರಲ್ಲ. ನಮ್ಮ ಪಾಲಿನ ಮೆಟ್ಟಿಲ ಮೇಲೆ ನೆಂಟರನ್ನು ಮಲಗಿಸಬಹುದೆ ಎಂದು ಕೇಳಿದೆ. ನಕ್ಕ.

ಅತ್ತೆ ಮಾತ್ರ ಯಾರ ಮಾತಿಗೂ ಕಿವಿಗೊಡದೆ, ಎರಡೂ ತೋಳುಗಳನ್ನು ಚಾಚಿ ನಡುಮನೆಯನ್ನು ಮಾರು ಹಾಕುತ್ತ ನಡೆದಳು. ಎರಡು ಮಾರಿಗೆ ಗೋಡೆ ಬಂತು. "ಮಗ್ಗದ ಗುಂಡಿ ಎಲ್ಲಿ ತೋಡ್ತೀಯಪ್ಪಾ?" ಎಂದಳು. ನಾನು ಮಗ್ಗ ಮುಟ್ಟಿದವನೇ ಅಲ್ಲ. ಗುಮಾಸ್ತೆಗಿರಿಯಲ್ಲಿ ತಲೆ ನರೆಸಿದವನು. ಆದರೂ ಆ ಪ್ರಶ್ನೆಗೆ ಮನಸ್ಸಿನಲ್ಲಿ ಒಂದು ಚಿತ್ರವೆದ್ದಿತು: ಮೂರನೆಯ ಅಂತಸ್ತಿನಲ್ಲಿ ಗುಂಡಿ ತೋಡಿ ನಾನು ನೇಯಲು ಕುಳಿತಿರುವುದೂ, ಎರಡನೆಯ ಅಂತಸ್ತಿನವರು ಊಟಕ್ಕೆ ಕುಳಿತಾಗ ಅವರ ಸೂರಿನಿಂದ ನನ್ನ ಎರಡು ಕಾಲುಗಳು ಇಳಿಬಿದ್ದು ಮಗ್ಗದ ತುಳಿಯುವ ಹಲಗೆಗಳನ್ನು ಒತ್ತುತ್ತಿರುವುದೂ. ನೆಲ ನಮ್ಮದೇ ಹೌದೋ ಅಲ್ಲವೋ ಎಂದು ಅತ್ತೆ ಮತ್ತೆ ಕೇಳಲು, ದಲ್ಲಾಳಿಯು, ಭೂಮಿಯಲ್ಲಿ ಎಲ್ಲರಿಗೂ ಪಾಲುಂಟು, ಆದರೆ ಅದು ಅವಿಭಾಜ್ಯ, ಇಂಥದೇ ಜಾಗವೆಂದು ತೋರಿಸಲಾಗದು ಎಂದು ವಿವರಿಸಿದ. "ನಮ್ಮದೂ ಹಾಗೇನೇ," ಎಂದು ಅವಳು ಸಮಾಧಾನಪಟ್ಟಳು, "ಇದೆ, ತೋರ್ಸೋಕಾಗಲ್ಲ."

ಬಸವಣ್ಣನೆಲ್ಲಿ? ದಲ್ಲಾಳಿ ನಮ್ಮನ್ನು ಬಚ್ಚಲಿಗೆ ಕರೆದೊಯ್ದು, ಬಕೀಟನ್ನು ಬೋರಲು ಹಾಕಿ, ಅದರ ಮೇಲೆ ನಿಂತು ಗವಾಕ್ಷಿಯಿಂದ ನೋಡೆಂದ. ನಿಂತೆ. ಒಂದು ನೀರಿನ ಟ್ಯಾಂಕು, ಒಣಹಾಕಿದ ಪಂಚೆ, ಅದರಾಚೆ ಒಂದು ಮರದ ತುದಿ ಕಂಡವು. "ಆ ಮರದ ಹಿಂದೇನೇ ಸಾರ್." ಇಪ್ಪತ್ತು ಮಾರಿನ ಲೆಕ್ಕವನ್ನು ಕೆಸರಿನ ಮೇಲೆ ನಂಬಿದ ವಂಶದವನು ಮರದ ಹಿಂದಿನ ಬಸವಣ್ಣನನ್ನು ನಂಬಲಾರನೆಂದೇನೂ ಅಲ್ಲ, ಆದರೆ ಬೆಲೆಯನ್ನು ಕೇಳಿ ಬಕೀಟಿನಿಂದ ಇಳಿದೆ. ಸಾಲ ಕೊಡುವ ಕಚೇರಿಯೊಂದರಲ್ಲಿ ವಿಚಾರಿಸಲು, ನನ್ನ ಸಂಬಳಕ್ಕೆ ಆ ಮೊತ್ತ ತೀರಬೇಕಾದರೆ ನಾನು ನಿವೃತ್ತನಾಗದೆ ತೊಂಬತ್ತರವರೆಗೆ ದುಡಿಯಬೇಕೆಂದು ಲೆಕ್ಕ ಬಂತು.

ಹಿಂದಿರುಗುವಾಗ ಮೆಜೆಸ್ಟಿಕ್ಕಿನಲ್ಲಿ ಊರಿನ ಬಸ್ಸಿಗಾಗಿ ಕಾಯುತ್ತ, ಈ ಬಸ್ ನಿಲ್ದಾಣವು ಹಿಂದೆ ಧರ್ಮಾಂಬುಧಿಯೆಂಬ ಕೆರೆಯಾಗಿತ್ತೆಂದೂ, ಅತ್ತ ಕಂಠೀರವ ಕ್ರೀಡಾಂಗಣವು ಸಂಪಂಗಿ ಕೆರೆಯಾಗಿತ್ತೆಂದೂ ಅತ್ತೆಗೆ ಹೇಳಿದೆ. ಅವಳು ಕಾಲಡಿಯ ಕಾಂಕ್ರೀಟನ್ನು ಬಹಳ ಹೊತ್ತು ನೋಡಿದಳು. ನಮ್ಮ ಕಡೆ ಮನೆಗಳನ್ನು ನುಂಗಿದ ನೀರಿನ ಲೆಕ್ಕಕ್ಕೆ ಇಲ್ಲಿ ಎಲ್ಲೋ ಜಮೆ ಬಿದ್ದಿದೆಯೆಂಬ ತೃಪ್ತಿ ಅವಳ ಮುಖದಲ್ಲಿತ್ತೆಂದು ನನಗೆ ತೋರಿತು.

ಕೊನೆಗೆ ಬಸವನಗುಡಿಯ ಒಂದು ವಠಾರದ ಹಿಂಭಾಗದಲ್ಲಿ, ಬಾಡಿಗೆಗೆ, ನೆಲೆಸಿದ್ದೇನೆ. ಅತ್ತೆಗೆ ಇದನ್ನು ಒಪ್ಪಿಸಲು ಭೂಗೋಳದ ಮೊರೆಹೋಗಬೇಕಾಯಿತು. ದೊಡ್ಡ ಬಸವಣ್ಣನ ಪಾದದಲ್ಲಿಯೇ ವೃಷಭಾವತಿ ಹುಟ್ಟುವಳೆಂಬುದು ಇಲ್ಲಿಯವರ ನಂಬಿಕೆ. ಅವಳು ಈಗ ಬೆಂಗಳೂರಿನ ಸಕಲ ಕೊಳೆಯನ್ನೂ ಹೊತ್ತು ಅರ್ಕಾವತಿಯನ್ನು ಸೇರಿ, ಸಂಗಮದಲ್ಲಿ ಕಾವೇರಿಯಾಗಿ, ಮೇಕೆದಾಟನ್ನೂ ಹೊಗೇನಕಲ್ಲನ್ನೂ ಹಾದು ಮೆಟ್ಟೂರಿಗೆ ಬರುತ್ತಾಳೆ. 1974ರಿಂದೀಚೆಗೆ ನಲ್ಲಿಯಲ್ಲಿ ಬರುವುದೂ ಕಾವೇರಿಯೇ ಆದುದರಿಂದ, ಬೆಳಿಗ್ಗೆ ನಾನು ತಂಬಿಗೆಯಲ್ಲಿ ಹಿಡಿದದ್ದು ಬಚ್ಚಲಿನ ಮಾರ್ಗವಾಗಿ ನಮ್ಮ ಪಿತ್ರಾರ್ಜಿತ ಮನೆಯ ಅಂಗಳಕ್ಕೇ ಹೋಗಿ ತಲಪುವುದೆಂದು ಫೋನಿನಲ್ಲಿ ಸವಿಸ್ತಾರವಾಗಿ ನಿರೂಪಿಸಿದೆ.

ಅತ್ತೆ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದ್ರೆ ಸೋಪು ನೋಡಿಕೊಂಡು ಹಾಕ್ಕೊಳ್ಳಪ್ಪಾ," ಎಂದಳು.