ಭಾವನ ಮಡಿ ನಂಬರು

ಭಾವ ತಮ್ಮ ಎರಡನೇ ಫೋನ್ ನಂಬರನ್ನು ನನಗೆ ಕೊಟ್ಟದ್ದು ಬ್ರಹ್ಮೋಪದೇಶದ ಕ್ರಮದಲ್ಲಿ. ಅವರ ತಂಗಿಯ ಮಗನ ಮದುವೆ, ಮೈಸೂರಿನ ಒಂದು ಛತ್ರ, ಎರಡನೇ ಪಂಕ್ತಿಗೆ ಎಲೆ ಹಾಕುತ್ತಿದ್ದರು. ನನ್ನ ರಟ್ಟೆ ಹಿಡಿದು ಕೈ ತೊಳೆಯುವ ನಲ್ಲಿಗಳ ಹತ್ತಿರ ಎಳೆದುಕೊಂಡು ಹೋದರು. ಶಲ್ಯವನ್ನು ಇಬ್ಬರ ತಲೆಯ ಮೇಲೂ ಹೊದಿಸುವುದೊಂದು ಬಾಕಿ, ಕಿವಿಯಲ್ಲಿ ಹತ್ತು ಅಂಕಿ ಉಸುರಿದರು.

"ಇದು ಒಟ್ಟು ಏಳು ಜನದ ಹತ್ತಿರ ಮಾತ್ರ ಇರತ್ತೆ. ಏಳನೆಯವನು ನೀನು. ಪ್ರಾಣ ಹೋದರೂ ಯಾರಿಗೂ ಕೊಡಬೇಡ ಕಣೋ."

ಪಕ್ಕದ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದ ಹಿರಿಯರೊಬ್ಬರು ತಲೆಯೆತ್ತಿ, "ಕೊನೇದು ನಾಲ್ಕೋ ಆರೋ? ಸರಿಯಾಗಿ ಕೇಳಿಸಲಿಲ್ಲ" ಅಂದರು.

ಇಂಥವರು ಮೊದಲು ಊರಿಗೊಬ್ಬರು ಇದ್ದರು, ಈಗ ಬೀದಿಗೊಬ್ಬರು ಇದ್ದಾರೆ. ಗುರುತು ಹಿಡಿಯುವುದು ಸುಲಭ. "ನಿಮ್ಮ ನಂಬರ್ ಕೊಡಿ" ಎಂದು ಕೇಳಿ ನೋಡಿ. ನಮ್ಮ ನಿಮ್ಮಂಥವರು ಗಿಳಿಪಾಠ ಒಪ್ಪಿಸಿಬಿಡುತ್ತೇವೆ. ಇವರು ಮಾತ್ರ ಅರ್ಧ ಕ್ಷಣ ಸೂರು ನೋಡುತ್ತಾರೆ. ಆ ಅರ್ಧ ಕ್ಷಣದಲ್ಲಿ ನಿಮ್ಮ ಯೋಗ್ಯತೆ ತೀರ್ಮಾನವಾಗಿರುತ್ತದೆ.

ನಂಬರುಗಳಿಗೆ ಹೆಸರಿಟ್ಟವಳು ಅಕ್ಕ. ಹಳೆಯದು ಸಂತೆ ನಂಬರು. ಕೊರಿಯರ್ ಹುಡುಗ, ಪೆಟ್ರೋಲ್ ಬಂಕಿನ ಲಕ್ಕಿ ಡಿಪ್ ಡಬ್ಬಿ, ಬಟ್ಟೆ ಅಂಗಡಿ, "ಸರ್, ರಿಂಗ್ ರೋಡ್ ಪಕ್ಕ ಸೈಟ್ ಬೇಕಿತ್ತಾ" ಅನ್ನುವವರು, ದೂರದ ದಾಯಾದಿಗಳು, ಎಲ್ಲರಿಗೂ ಅದೇ. ಹೊಸದು ಮಡಿ ನಂಬರು. ಅದನ್ನು ಮುಟ್ಟಬಹುದಾದವರು ಬ್ಯಾಂಕು, ಹೃದಯದ ಡಾಕ್ಟರು, ಒಬ್ಬ ಬಾಲ್ಯಸ್ನೇಹಿತ, ಊರಲ್ಲಿರುವ ಅಮ್ಮ, ಪುಣೆಯಲ್ಲಿರುವ ಮಗ, ಅಕ್ಕ ಮತ್ತು ನಾನು. ಮಾತಾಡುವಾಗ ಸಂತೆ ನಂಬರಿಗೆ ಒಂದು ಧ್ವನಿ, ಮಡಿ ನಂಬರಿಗೆ ಒಂದು ಧ್ವನಿ. ಆದರೆ ಕಿವಿ ಸ್ವಲ್ಪ ಮಂದವಾಗಿರುವುದರಿಂದ ಎರಡನ್ನೂ ಭಾವ ಸ್ಪೀಕರ್ ಹಾಕಿಯೇ ಮಾತಾಡುವುದು. ಡಾಕ್ಟರು ಅವರ ಮಲಬದ್ಧತೆಯ ಬಗ್ಗೆ ಹೇಳಿದ್ದು ಎದುರುಮನೆಯ ಜಗುಲಿಗೂ ಕೇಳಿಸಿತ್ತು, ಅದೂ ಮಡಿ ನಂಬರಿನಿಂದಲೇ.

ಇಷ್ಟಕ್ಕೆಲ್ಲ ಒಂದು ಹಳೆಯ ಗಾಯ ಕಾರಣವೆಂದು ನನ್ನ ಊಹೆ. ಎಂಬತ್ತರ ದಶಕದಲ್ಲಿ ಭಾವನ ಮನೆಗೆ ಫೋನಿರಲಿಲ್ಲ. ಅರ್ಜಿ ಹಾಕಿದವರು ವರ್ಷಗಟ್ಟಲೆ ಕಾಯಬೇಕಾದ ಕಾಲ. ಲಗ್ನಪತ್ರಿಕೆಯಲ್ಲಿ, ವಿಸಿಟಿಂಗ್ ಕಾರ್ಡಿನಲ್ಲಿ ನೆರೆಮನೆಯ ನಂಬರು ಹಾಕಿ ಪಕ್ಕದಲ್ಲಿ "ಪಿ.ಪಿ." ಎಂದು ಅಚ್ಚು ಮಾಡಿಸುತ್ತಿದ್ದರು. ಇವರಿಗೆ ಪಿ.ಪಿ. ನಂಬರು ಬೀದಿಯ ಕೊನೆಯ ಅಕ್ಕಿ ಗಿರಣಿಯವರದು. ನಮ್ಮ ಮನೆಯಿಂದ ಹೆಣ್ಣು ಕೊಡಲು ಒಪ್ಪಿಗೆ ಎಂದು ಅಪ್ಪ ಟ್ರಂಕ್ ಕಾಲ್ ಮಾಡಿದಾಗ, ಗಿರಣಿಯ ಹುಡುಗ ಓಡಿ ಬಂದು ಭಾವನನ್ನು ಕರೆದುಕೊಂಡು ಹೋಗಿದ್ದಾನೆ. ಲೈನು ಸರಿಯಿಲ್ಲ. ಭಾವ ಗಿರಣಿಯ ಸದ್ದಿನ ಮೇಲೆ ಕಿರುಚಿದ್ದಾರೆ, "ನನಗೂ ಹುಡುಗಿ ತುಂಬಾ ಇಷ್ಟವಾಗಿದ್ದಾಳೇ!" ಅಷ್ಟರಲ್ಲಿ ಯಾರೋ ಮೋಟರು ನಿಲ್ಲಿಸಿದ್ದಾರೆ. ಹೊಟ್ಟು ತುಂಬುತ್ತಿದ್ದ ಹನ್ನೆರಡು ಜನ ಕೇಳಿಸಿಕೊಂಡಿದ್ದಾರೆ. ಅಂದಿನಿಂದ ಭಾವ ಆ ಬೀದಿಯಲ್ಲಿ ಓಡಾಡುವುದನ್ನೇ ಬಿಟ್ಟರಂತೆ. ಬೀದಿಗೆಲ್ಲ ಒಂದು ನಂಬರು ಇದ್ದ ಕಾಲದಿಂದ ಬಂದ ಮನುಷ್ಯ ತನಗೇ ಎರಡು ಬೇಕೆಂದರೆ ನಾನಂತೂ ನಗಲಾರೆ. ಬರೆಯುತ್ತಿದ್ದೇನೆ ಅಷ್ಟೆ.

ಮಡಿ ನಂಬರು ಕೊಳ್ಳಲು ಅವರ ಜೊತೆ ನಾನೂ ಹೋಗಿದ್ದೆ. ಅಂಗಡಿಯ ಹುಡುಗ ಆಧಾರ್ ಕೇಳಿದ, ಬೆರಳೊತ್ತಿಸಿಕೊಂಡ, "ಸರ್, ಕಣ್ಣು ಮಿಟುಕಿಸಿ" ಎಂದು ಫೋಟೊ ತೆಗೆದ, ವಿಳಾಸ ಬರೆದುಕೊಂಡ, ಕೊನೆಗೆ "ಇನ್ನೊಂದು ನಂಬರ್ ಹೇಳಿ ಸರ್" ಅಂದ.

"ಗುಟ್ಟಾಗಿರಲಿ ಅಂತಲೇ ಇನ್ನೊಂದು ತಗೋತಿರೋದು ಕಣಯ್ಯಾ."

"ಅದು ಇಲ್ದೆ ಇದು ಬರಲ್ಲ ಸರ್."

ನ್ಯೂಜೆರ್ಸಿಯಲ್ಲಿರುವ ಅವರ ಅಣ್ಣನ ಮಗಳು ಈ ಕಥೆ ಕೇಳಿ ನಕ್ಕಳು. ಅವಳ ಹತ್ತಿರ ಗೂಗಲ್ ವಾಯ್ಸ್ ನಂಬರಿದೆ. ಸಿಮ್ಮೇ ಇಲ್ಲ, ಆ್ಯಪಿನೊಳಗೇ ರಿಂಗಾಗುತ್ತದೆ. ಹಳೇ ಸೋಫಾ ಮಾರುವಾಗ, ಮನೆ ಹುಡುಕುವಾಗ ಅದನ್ನೇ ಕೊಡುತ್ತಾಳೆ. ಅಮೆರಿಕದಲ್ಲಿ ಇದು 2009ರಿಂದ ಇದೆ. ನಮ್ಮಲ್ಲಿ ಮನೆಮಂದಿಗೆ ಆ ಸೌಲಭ್ಯವಿಲ್ಲ. ಇಲ್ಲಿ ನಂಬರು ಬೇಕೆಂದರೆ ಸಿಮ್ಮು, ಸಿಮ್ಮು ಬೇಕೆಂದರೆ ಬೆರಳು. ನಮಗೆ ಸಿಕ್ಕಿರುವ ಒಂದೇ ಮುಸುಕೆಂದರೆ ಕ್ಯಾಬಿನವರು, ಊಟ ತರುವವರು ಮಾಡುವ ಫೋನು. ಎಷ್ಟೋ ಸಲ ಅದು ಕಂಪನಿಯ ನಡುವಿನ ನಂಬರಿನಿಂದ ಬರುತ್ತದೆ, ಅವರ ನಂಬರು ನಮಗಿಲ್ಲ, ನಮ್ಮದು ಅವರಿಗಿಲ್ಲ. ಭಾವ ಅಂಥದ್ದೊಂದನ್ನು "ಒಳ್ಳೇ ಡ್ರೈವರ್" ಎಂದು ಸೇವ್ ಮಾಡಿಕೊಂಡು, ಮರೆತ ಛತ್ರಿಗಾಗಿ ಮಾರನೇ ದಿನವಿಡೀ ಅದಕ್ಕೆ ಡಯಲ್ ಮಾಡಿದರು.

ನಂಬರು ಬಂತು, ಎರಡನೇ ಸ್ಲಾಟಿನಲ್ಲಿ ಕೂತಿತು, ಮೂರು ದಿನ ಸುಮ್ಮನಿತ್ತು. ಏಳು ಜನ ದಿನಾ ಎಷ್ಟು ಫೋನು ಮಾಡಿಯಾರು? ಭಾವನಿಗೆ ಅನುಮಾನ ಬಂದು ಒಂದನೇ ಸಿಮ್ಮಿನಿಂದ ಎರಡನೇ ಸಿಮ್ಮಿಗೆ ಫೋನು ಹಚ್ಚಿದರು. ಒಂದೇ ಫೋನಿನೊಳಗೆ ಒಂದು ಸಿಮ್ಮು ಮಾತಾಡುತ್ತಿದ್ದರೆ ಸಾಮಾನ್ಯವಾಗಿ ಇನ್ನೊಂದು ಬಾಯಿ ಮುಚ್ಚಿಕೊಂಡಿರುತ್ತದೆ. ರೆಕಾರ್ಡಿನ ಹೆಂಗಸು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದಳು. ರಾತ್ರಿ ಹತ್ತು ಗಂಟೆಗೆ ನನಗೆ ಕರೆ: "ನಾನು ಹಾಲ್‌ನಲ್ಲೇ ಕೂತಿದೀನಿ ಕಣೋ. ವ್ಯಾಪ್ತಿ ಪ್ರದೇಶದ ಹೊರಗೆ ಅಂತಿದಾಳೆ."

ಮಡಿ ನಂಬರಿನ ಒಂಟಿತನ ಅವರಿಂದ ತಡೆಯಲಾಗಲಿಲ್ಲ. ವಾಟ್ಸ್ಆ್ಯಪಿನವರು 2023ರ ಅಕ್ಟೋಬರಿನಲ್ಲಿ ಒಂದೇ ಫೋನಿನಲ್ಲಿ ಎರಡು ಖಾತೆ ಇಟ್ಟುಕೊಳ್ಳುವುದಕ್ಕೆ ಅವಕಾಶ ಮಾಡಿದ್ದರಲ್ಲ, ಭಾವ ಮಡಿ ನಂಬರಿಗೂ ಒಂದು ಖಾತೆ ತೆರೆದರು. ಒಂದು ಬೆಳಿಗ್ಗೆ ಕನ್ನಡಕ ಹಾಕಿಕೊಳ್ಳದೆ, ಬಡಾವಣೆಯ ನಿವಾಸಿಗಳ ಗುಂಪಿಗೆ ಸೇರುವ ಲಿಂಕನ್ನು ಆ ಖಾತೆಯಿಂದ ಒತ್ತಿ, ಕಮಲದ ಹೂವಿನ ಮೇಲೆ "ಶುಭೋದಯ" ಎಂದು ಕಳಿಸಿದರು. ಇನ್ನೂರು ಚಿಲ್ಲರೆ ಮನೆಗಳಿಗೆ ಮಡಿ ನಂಬರಿನ ದರ್ಶನವಾಯಿತು. ಹನ್ನೊಂದು ಜನ ವಾಪಸ್ಸು ಶುಭೋದಯ ಹೇಳಿದರು. ಭಾವ ಆವತ್ತು ತುಂಬಾ ಬೈದುಕೊಂಡರು, ಆದರೆ ಆ ಹನ್ನೊಂದನ್ನೂ ಎರಡೆರಡು ಸಲ ಓದಿದ್ದನ್ನು ಅಕ್ಕ ನೋಡಿದ್ದಾಳೆ.

ಅವರ ಖಾಸಗಿತನದ ವೀರಾವೇಶವನ್ನು ನೋಡಬೇಕಾದರೆ ಬಟ್ಟೆ ಅಂಗಡಿಯ ಬಿಲ್ಲಿನ ಕೌಂಟರಿಗೇ ಹೋಗಬೇಕು. ಅಕ್ಕನ ಸೀರೆ, ಅವರ ಎರಡು ಪಂಚೆ, ಹಿಂದೆ ಹತ್ತು ಜನ.

"ಮೊಬೈಲ್ ನಂಬರ್ ಸರ್?"

ಭಾವ ಪರ್ಸು ತೆಗೆದರು. ದುಡ್ಡಿಗಲ್ಲ. ಎಂಟು ಮಡಿಕೆ ಮಾಡಿಟ್ಟ ಪೇಪರ್ ಕಟಿಂಗ್ ಅದರಲ್ಲಿದೆ. ಬಿಲ್ಲಿಗಾಗಿ ಗ್ರಾಹಕರ ಮೊಬೈಲ್ ನಂಬರಿಗೆ ಒತ್ತಾಯ ಮಾಡಬಾರದೆಂದು 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ವ್ಯಾಪಾರಿಗಳಿಗೆ ಹೇಳಿದ ಸುದ್ದಿ ಅದು. ಬಿಚ್ಚಿ ಬಿಚ್ಚಿ "ಗ್ರಾಹಕ" ಅನ್ನುವ ಪದದ ಮಧ್ಯೆಯೇ ತೂತಾಗಿದೆ.

"ಮಗೂ, ಖಾಸಗಿತನ ಮೂಲಭೂತ ಹಕ್ಕು. 2017ರ ಆಗಸ್ಟ್ 24ನೇ ತಾರೀಖು ಸುಪ್ರೀಂ ಕೋರ್ಟಿನ ಒಂಬತ್ತು ಜನ ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದಾರೆ. ಕೇಸು ಹಾಕಿದ್ದು ಯಾರು? ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಎಂಬತ್ತು ದಾಟಿದ ಮೇಲೆ ಹಾಕಿದ್ದು! ಅಂಥವರ ನಾಡಲ್ಲಿ ನೀನು ಪಂಚೆಗೆ ನಂಬರು ಕೇಳ್ತೀಯಲ್ಲಮ್ಮ."

ಹುಡುಗಿ ಎಲ್ಲವನ್ನೂ ಸಾವಧಾನವಾಗಿ ಕೇಳಿದಳು. ಸಾಲಿನಲ್ಲಿದ್ದವರು ಕಾಲು ಬದಲಾಯಿಸಿ ನಿಂತರು. ಆಮೇಲೆ ಅವಳು, "ಸರಿ ಸರ್, ಬೇಡ. ನಂಬರ್ ಕೊಟ್ರೆ ಹೊಸಬರಿಗೆ ಮುನ್ನೂರು ರೂಪಾಯಿ ಡಿಸ್ಕೌಂಟ್ ಇತ್ತು" ಅಂದಳು.

ಭಾವ ಸೂರು ನೋಡಿದರು. ಈ ಸಲ ಅರ್ಧ ಕ್ಷಣಕ್ಕಿಂತ ಹೆಚ್ಚು ಹಿಡಿಯಿತು.

"ಬಿಲ್ಲು ಎರಡು ಮಾಡಿದರೆ ಎರಡೂ ನಂಬರಿಗೂ ಕೊಡ್ತೀಯೇನಮ್ಮ?"

ಎರಡೂ ಹೇಳಿದರು. ಹಿಂದಿನವರಿಗೂ ಕೇಳಿಸುವಷ್ಟು ದೊಡ್ಡದಾಗಿ, ಅಂಕಿ ಅಂಕಿ ಬಿಡಿಸಿ. ಒಟ್ಟು ಆರುನೂರು ರೂಪಾಯಿ ಉಳಿಯಿತು. ಮನೆಗೆ ಬರುವ ದಾರಿಯಲ್ಲಿ, "ಎರಡು ನಂಬರಿನ ಉಪಯೋಗ ಈಗ ಗೊತ್ತಾಯ್ತಾ?" ಎಂದು ಅಕ್ಕನನ್ನೇ ಕೇಳಿದರು.

ಮೂರು ವಾರಕ್ಕೆ ಮಡಿ ನಂಬರಿಗೆ ಮೈಲಿಗೆಯಾಯಿತು. ನಾನು ಅಲ್ಲೇ ಇದ್ದೆ. ಊಟ ಮುಗಿಸಿ ಅಡಿಕೆ ಹೋಳು ಬಾಯಿಗೆ ಹಾಕಿಕೊಂಡಿದ್ದರು. ಎರಡನೇ ಸಿಮ್ಮಿನ ರಿಂಗ್‌ಟೋನು ಬೇರೆ, ಓಂಕಾರ. ಗಂಭೀರವಾಗಿ ಎತ್ತಿ, ವಾಡಿಕೆಯಂತೆ ಸ್ಪೀಕರ್ ಒತ್ತಿದರು.

"ನಮಸ್ಕಾರ ಸರ್, ಭಾವ ಸೀಕ್ರೆಟ್ ಅವರಾ ಮಾತಾಡ್ತಿರೋದು?"

ಮನೆ ಸ್ತಬ್ಧ.

"ಸರ್, ಭಾವ ಸೀಕ್ರೆಟ್ ಅವರೇ, ನಿಮಗೆ ಐದು ಲಕ್ಷ ಪರ್ಸನಲ್ ಲೋನ್ ಪ್ರೀ ಅಪ್ರೂವ್ ಆಗಿದೆ."

ಕರೆ ಬಂದಾಗ ಹೆಸರು ತೋರಿಸುವ ಆ್ಯಪುಗಳಿವೆಯಲ್ಲ, ಅವುಗಳಲ್ಲಿ ಎಷ್ಟೋ ಹೆಸರುಗಳು ಬಳಸುವ ಜನರೇ ಕೊಟ್ಟವು. ಯಾರೋ ಪ್ರೀತಿಯಿಂದ "ಹಾಲಿನ ಗಿರೀಶ ಬಾಕಿ 240" ಎಂದು ಬರೆದುಕೊಂಡರೆ ಗಿರೀಶ ಲೋಕಕ್ಕೆಲ್ಲ ಹಾಗೇ ಕಾಣಿಸಿಕೊಂಡಾನು. ಹಾಗೆ ನಮ್ಮ ಭಾವ ಲೋಕಕ್ಕೆ ಭಾವ ಸೀಕ್ರೆಟ್ ಆಗಿದ್ದರು. ಪತ್ತೇದಾರಿಕೆ ಕಷ್ಟವೇನಿರಲಿಲ್ಲ. ಅಮ್ಮನದು ಕೀಪ್ಯಾಡ್ ಫೋನು. ಅಕ್ಕ ಅವರನ್ನು "ಇವರು" ಎಂದು, ಮಗ "ಅಪ್ಪ 2" ಎಂದು ಸೇವ್ ಮಾಡಿಕೊಂಡಿದ್ದಾರೆ. ಡಾಕ್ಟರೂ ಬ್ಯಾಂಕೂ ಬಾಲ್ಯಸ್ನೇಹಿತನೂ ಅವರನ್ನು ಭಾವ ಅನ್ನುವುದಿಲ್ಲ. ಏಳರಲ್ಲಿ ಆರು ಕಳೆದರೆ ಎಷ್ಟು ಎಂದು ಭಾವ ನನ್ನ ಮುಖ ನೋಡಿದರು. ನಾನು ಎಲೆಗೆ ಸುಣ್ಣ ಹಚ್ಚುತ್ತ ಕೂತೆ.

ಇಷ್ಟಕ್ಕೇ ಬಿಡದೆ, ತಮ್ಮ ಹೆಸರಿನಲ್ಲಿ ಬೇರೆ ಯಾರಾದರೂ ಸಿಮ್ಮು ತೆಗೆದಿದ್ದಾರೋ ನೋಡೋಣವೆಂದು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್ ತೆರೆಸಿದರು. ನಮ್ಮ ರಾಜ್ಯದಲ್ಲಿ ಒಬ್ಬರ ಹೆಸರಿನಲ್ಲಿ ಒಂಬತ್ತು ನಂಬರು ಇರಬಹುದು. ಭಾವನದು ನಾಲ್ಕು ತೋರಿಸಿತು. ಎರಡು ಇವರದು, ಒಂದು ಅವರಮ್ಮನದು. ನಾಲ್ಕನೆಯದು?

"ಯಾರದು ಅದು?" ಅಂದಳು ಅಕ್ಕ. ಧ್ವನಿ ಬಹಳ ಮೆತ್ತಗಿತ್ತು.

ಅರ್ಧ ಗಂಟೆ ಆ ಮನೆಯಲ್ಲಿ ಗಡಿಯಾರದ ಸದ್ದು ಬಿಟ್ಟರೆ ಬೇರೆ ಇರಲಿಲ್ಲ. ಕೊನೆಗೆ ಅದು ಮಗನದೆಂದು ತಿಳಿಯಿತು. ಪಿಯುಸಿಯಲ್ಲಿದ್ದಾಗ, ಇನ್ನೂ ಹದಿನೆಂಟಾಗಿರಲಿಲ್ಲವೆಂದು ಅಪ್ಪನ ಹೆಸರಿನಲ್ಲಿ ತೆಗೆದದ್ದು. ಇಬ್ಬರೂ ದಿನಾ ಅದಕ್ಕೆ ಫೋನು ಮಾಡುತ್ತಾರೆ, ಆದರೆ ನಂಬರು ಇಬ್ಬರಿಗೂ ಗೊತ್ತಿಲ್ಲ. ಗೊತ್ತಿರುವುದು "ಪುಟ್ಟ" ಮಾತ್ರ.

ಪುಣ್ಯಾಹಕ್ಕೆ ಭಾವ ಹಿಡಿದ ದಾರಿ ಹೊಸ ಸಿಮ್ಮು. ಹಳೇ ಮಡಿ ನಂಬರಿಗೆ ರೀಚಾರ್ಜ್ ನಿಲ್ಲಿಸಿದರು. ಬಳಸದೆ ತೊಂಬತ್ತು ದಿನ ಬಿಟ್ಟರೆ ನಂಬರು ರದ್ದಾಗಬಹುದು, ಆಮೇಲೆ ಇನ್ನೊಂದು ತೊಂಬತ್ತು ದಿನ ಸುಮ್ಮನಿಟ್ಟು ಬೇರೆಯವರಿಗೆ ಕೊಡುತ್ತಾರೆ. ಹೊಸ ಮಡಿ ನಂಬರನ್ನು ಆರು ಜನಕ್ಕೆ ಮಾತ್ರ ಖುದ್ದಾಗಿ ಹೇಳುವುದೆಂದು ತೀರ್ಮಾನವಾಯಿತು. ನನ್ನನ್ನು ಸಂತೆಗೆ ಇಳಿಸಿದರು. ಕೈ ತೊಳೆಯುವ ನಲ್ಲಿಯ ಹತ್ತಿರ ಏರಿದ್ದ ಪದವಿ ಹಾಗೆ ಹೋಯಿತು. ಅಮ್ಮನ ಕೀಪ್ಯಾಡ್ ಫೋನಿನಲ್ಲಿ ಎರಡನ್ನು ಒತ್ತಿ ಹಿಡಿದರೆ ಮಗನಿಗೆ ಹೋಗುವಂತೆ ಮಾಡಿದ್ದರು. ಅದನ್ನು ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ಬದಲಾಯಿಸಿದರಾಯಿತೆಂದರು. ಹಬ್ಬಕ್ಕೆ ಹೋಗಿ, ಒಬ್ಬಟ್ಟು ತಿಂದು, ಮರೆತು ಬಂದರು.

"ಅಮ್ಮ ಈಚೆಗೆ ಫೋನೇ ಮಾಡಲ್ಲ ಅಂತ ಇವರು ಬೇಜಾರು ಮಾಡ್ಕೊಂಡಿದಾರೆ ಕಣೋ" ಎಂದು ಅಕ್ಕ ಒಂದೆರಡು ಸಲ ಹೇಳಿದ್ದಳು.

ಮೊನ್ನೆ ಸಂಜೆ ನಾನು ಫೋನಿನಲ್ಲಿ ಏನೋ ಹುಡುಕುತ್ತಿದ್ದೆ. "ಭಾವ ಸೀಕ್ರೆಟ್" ಕಣ್ಣಿಗೆ ಬಿತ್ತು. ಅಳಿಸಿ ಹಾಕೋಣವೆಂದು ಒತ್ತಿದ್ದು ಡಯಲ್ ಆಗಿಬಿಟ್ಟಿತು. ರಿಂಗಾಯಿತು! ಮೂರನೇ ರಿಂಗಿಗೆ ಎತ್ತಿದರು.

"ಭಾವ?" ಅಂದೆ.

"ನಾ ನಿಮ್ಮ ಭಾವ ಅಲ್ರೀ. ಗಂಗಾವತಿಯಿಂದ ಮಾತಾಡಾಕತ್ತೀನಿ. ಈ ನಂಬರ್ ತಗೊಂಡು ಎರಡು ತಿಂಗಳಾತ್ರೀ. ನೀವು ಮೈಸೂರ್ ಅಕ್ಕಾರ ತಮ್ಮ ಹೌದಲ್ರೀ?"

ನನಗೆ ಮಾತು ಹೊರಡಲಿಲ್ಲ.

"ಅವ್ವಾರು ದಿನಾ ಸಂಜೀಕ ಫೋನ್ ಹಚ್ತಾರ್ರೀ. ನಾ ನಿಮ್ಮ ಮಗ ಅಲ್ಲವಾ ಅಂತ ಎಷ್ಟ್ ಒದರಿದ್ರೂ ಅವರಿಗೆ ಕೇಳ್ಸಂಗಿಲ್ಲ. ಅದಕ್ಕ ಹ್ಞೂಂ ಅನಕೋಂತ ಕುಂದರ್ತೀನಿ. ಪಾಪ, ಮಾತಾಡಾಕ ಯಾರರ ಬೇಕಲ್ರೀ ಅವರಿಗೂ. ಅದಿರ್ಲಿ, ಆ ಹೊಲದ ಪೋಡಿ ಆತೇನ್ರೀ? ಮತ್ತ ಅಕ್ಕಾರ ಮೊಣಕಾಲು ಈಗ ಹೆಂಗೈತಿ?"